ಐಫೆಲ್ ಟವರ್ ಗುಲಾಬಿ ಬೆಳೆಸುವುದು ಹೇಗೆ: ಮೊದಲಿಗೆ, ಇದನ್ನು ಕುಳ್ಳ ಮಾಡಬೇಡಿ

ಪರಿಮಳ ಇರುವ ಪಿಂಕ್ ಗುಲಾಬಿ ಯಾವುದು ಹಾಕಲಿ ಅಂತ ಯಾರು ಕೇಳಿದರೂ ನಾನು ಮೊದಲು ಹೇಳುವ ಹೆಸರು ಐಫೆಲ್ ಟವರ್. ಅಂಗಡಿಯಲ್ಲಿ ಸಿಗುವ ಡಚ್ ರೋಸ್ ನೋಡಲು ಚೆನ್ನಾಗಿರುತ್ತದೆ, ವಾರ ಬಾಳುತ್ತದೆ, ಆದರೆ ಮೂಗಿನ ಹತ್ತಿರ ಹಿಡಿದರೆ ಏನೂ ಇಲ್ಲ. ನಮ್ಮ ಪನ್ನೀರು ಗುಲಾಬಿಗೆ ಮನೆ ತುಂಬುವಷ್ಟು ಘಮ ಇದೆ, ಆದರೆ ಬೇಗ ಉದುರುತ್ತದೆ, ಹೂದಾನಿಯಲ್ಲಿ ಇಡುವಂಥ ಕಡ್ಡಿಯೂ ಬರುವುದಿಲ್ಲ. ಉದ್ದ ಮೊಗ್ಗು, ಉದ್ದ ಕಡ್ಡಿ, ಒಳ್ಳೆ ಘಮ ಮೂರೂ ಒಂದೇ ಗಿಡದಲ್ಲಿ ಬೇಕು ಅಂದರೆ ಇದನ್ನೇ ಹಾಕಿ. ಹೆಸರಿಗೆ ತಕ್ಕ ಹಾಗೆ ಎತ್ತರ ಬೆಳೆಯುತ್ತದೆ. ಆ ಎತ್ತರಕ್ಕೆ ನಾವು ಹೊಂದಿಕೊಂಡರೆ ಮಾತ್ರ ಚೆನ್ನಾಗಿ ಹೂ ಕೊಡುತ್ತದೆ.

ಇದು ಅಮೆರಿಕದ ತಳಿ. ಕ್ಯಾಲಿಫೋರ್ನಿಯಾದ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಹರ್ಬರ್ಟ್ ಸ್ವಿಮ್ ಸೇರಿ ಮಾಡಿದ್ದು, ಬಂದದ್ದು 1963ರಲ್ಲಿ. ಇದರ ತಾಯಿ ಫಸ್ಟ್ ಲವ್ ಅನ್ನುವ 1951ರ ಪಿಂಕ್ ಗುಲಾಬಿ, ಅದೂ ಸ್ವಿಮ್ ಅವರದೇ. ಮೊಗ್ಗು ಸಪೂರವಾಗಿ ಉದ್ದಕ್ಕೆ ಇರುವ ಗುಣ ಅಲ್ಲಿಂದ ಬಂದದ್ದು. ಪರಿಮಳದ ಕೆಂಪು ಅಂದ ಕೂಡಲೇ ನೆನಪಾಗುವ ಮಿಸ್ಟರ್ ಲಿಂಕನ್, ಕೆನೆ ಬಣ್ಣಕ್ಕೆ ಕೆಂಪು ಅಂಚು ಇರುವ ಡಬಲ್ ಡಿಲೈಟ್, ಇವುಗಳ ಹಿಂದೆಯೂ ಇರುವುದು ಸ್ವಿಮ್ ಅವರೇ. ಐಫೆಲ್ ಟವರ್ ಹೈಬ್ರಿಡ್ ಟೀ ಗುಂಪಿನ ಗುಲಾಬಿ. ಹೈಬ್ರಿಡ್ ಟೀ ಅಂದರೆ ಚೀನಾ ಮೂಲದ ಟೀ ಗುಲಾಬಿಗಳನ್ನು ಯುರೋಪಿನ ಗುಲಾಬಿಗಳ ಜೊತೆ ಬೆರೆಸಿ ಹುಟ್ಟಿದ ಗುಂಪು. ಅದರಲ್ಲಿ ಮೊದಲನೆಯದು ಅಂತ ಎಣಿಸುವ ಲಾ ಫ್ರಾನ್ಸ್ 1867ರಲ್ಲಿ ಬಂತು, ಅದೂ ಪಿಂಕೇ, ಅದಕ್ಕೂ ಘಮ ಇದೆ. ನಮ್ಮ ದೇಶದ್ದೇ ಬೇಕು ಅಂದರೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ತಳಿ ಮೃಣಾಲಿನಿ ಇದೆ. ಪರಿಮಳದ ಪಿಂಕ್ ಹೂ. ನಾನು ಇಲ್ಲಿ ಹೇಳುವ ಬಹುಪಾಲು ಕೆಲಸ ಅದಕ್ಕೂ ಆಗುತ್ತದೆ, ಎತ್ತರದ ಮಾತು ಬಿಟ್ಟು.

ಎತ್ತರದ ವಿಷಯ ನಾನು ಕಲಿತದ್ದು ತಡವಾಗಿ. ಮೈಸೂರಿನ ನಮ್ಮ ಮನೆ ಹಿಂದೆ ಇರುವ ಗಿಡಕ್ಕೆ ಈಗ ಹನ್ನೊಂದು ವರ್ಷ. ಮೊದಲ ಮೂರು ವರ್ಷ ಪ್ರತಿ ಸಲ ಮೊಣಕಾಲೆತ್ತರಕ್ಕೆ ಕತ್ತರಿಸಿದೆ, ಗುಲಾಬಿ ಅಂದರೆ ಹಾಗೆ ಸವರಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಪ್ರತಿ ಸಲವೂ ನಾಲ್ಕೈದು ಚಿಗುರು ಬರುತ್ತಿತ್ತು, ಒಂದೆರಡು ಹೂ ಬಿಟ್ಟು ಸುಮ್ಮನಾಗುತ್ತಿತ್ತು, ಒಂದೋ ಎರಡೋ ಕಡ್ಡಿ ಮೇಲಿಂದ ಕಪ್ಪಾಗಿ ಒಣಗುತ್ತಾ ಬರುತ್ತಿತ್ತು. ನಾಲ್ಕನೇ ವರ್ಷ ಮಗಳ ಬಾಣಂತನ. ಗಿಡದ ಕಡೆ ತಿರುಗಿ ನೋಡಲೂ ಆಗಲಿಲ್ಲ, ಒಂದು ದಿನ ಹತ್ತು ನಿಮಿಷ ಬಿಡುವು ಸಿಕ್ಕಾಗ ಮೇಲಿನ ಒಂದೂವರೆ ಅಡಿ ಮಾತ್ರ ತೆಗೆದು ಒಳಗೆ ಹೋದೆ. ಜನವರಿಯಲ್ಲಿ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಬಂದರೆ ನನ್ನ ತಲೆಗಿಂತ ಮೇಲೆ ಹದಿನಾಲ್ಕು ಮೊಗ್ಗು. ಎಣಿಸಿದ್ದೇನೆ, ಅದಕ್ಕೇ ಲೆಕ್ಕ ನೆನಪಿದೆ.

ಯಾಕೆ ಹೀಗೆ ಅಂದರೆ, ಚಳಿ ದೇಶದಲ್ಲಿ ಗುಲಾಬಿ ಗಿಡ ಎಲೆ ಉದುರಿಸಿ ಪೂರ್ತಿ ಮಲಗುತ್ತದೆ, ಹಿಮಕ್ಕೆ ಮೇಲಿನ ಕಡ್ಡಿ ಸಾಯುತ್ತದೆ, ಅಲ್ಲಿ ಗಿಡ್ಡಕ್ಕೆ ಕತ್ತರಿಸುವುದಕ್ಕೆ ಅರ್ಥ ಇದೆ. ನಮ್ಮಲ್ಲಿ ಗಿಡ ಮಲಗುವುದೇ ಇಲ್ಲ. ಮುಂದಿನ ಹೂವಿಗೆ ಬೇಕಾದ ಆಹಾರವನ್ನು ದಪ್ಪ ಕಡ್ಡಿಗಳಲ್ಲೂ ಎಲೆಗಳಲ್ಲೂ ಇಟ್ಟುಕೊಂಡಿರುತ್ತದೆ. ಅದನ್ನೆಲ್ಲಾ ಕತ್ತರಿಸಿ ಬಿಸಾಕಿ, ಆಮೇಲೆ ಹೂ ಕೊಡು ಅಂದರೆ ಎಲ್ಲಿಂದ ಕೊಡಬೇಕು?

ಗಿಡ ತರುವಾಗ

ನರ್ಸರಿಯಲ್ಲಿ ಹೂ ನೋಡಿಯೇ ತನ್ನಿ, ಹೆಸರಿನ ಚೀಟಿ ನಂಬಿ ತರಬೇಡಿ. ಒಂದು ಕಡೆ ಐಫೆಲ್ ಟವರ್ ಅಂತ ಕೊಟ್ಟ ಗಿಡ ಎರಡು ತಿಂಗಳು ಸಾಕಿದ ಮೇಲೆ ಗೊಂಚಲು ಗೊಂಚಲಾಗಿ ಪುಟ್ಟ ಪಿಂಕ್ ಹೂ ಬಿಟ್ಟಿತು, ಘಮವೂ ಇರಲಿಲ್ಲ. ನೋಡಬೇಕಾದದ್ದು ಮೊಗ್ಗು. ಬಾಲ್ ಪೆನ್ನಿನ ಕ್ಯಾಪ್ ಥರ ಉದ್ದಕ್ಕೆ, ತುದಿ ಚೂಪಾಗಿ ಇರಬೇಕು. ಹೂ ಬಿರಿದರೆ ನಾಲ್ಕೈದು ಇಂಚು ಅಗಲ, ಎಸಳು ಸುಮಾರು ಮೂವತ್ತೈದು, ಬಣ್ಣ ತೀರಾ ತಿಳಿಯೂ ಅಲ್ಲದ ತೀರಾ ಗಾಢವೂ ಅಲ್ಲದ ಪಿಂಕ್. ಹೂವಿನ ಕೆಳಗಿನ ಕಡ್ಡಿ ನೇರ. ನನ್ನ ಗಿಡದಲ್ಲಂತೂ ಮೊಗ್ಗಿನ ಕೆಳಗೆ ಒಂದು ಗೇಣಿನಷ್ಟು ಜಾಗದಲ್ಲಿ ಮುಳ್ಳು ಕಡಿಮೆ, ಕೊಯ್ಯುವಾಗ ಅದು ದೊಡ್ಡ ಉಪಕಾರ.

ಆಮೇಲೆ ಬುಡ ನೋಡಿ. ನರ್ಸರಿಯವರು ಕಾಡು ಗುಲಾಬಿಯ ಬುಡಕ್ಕೆ ಈ ತಳಿಯ ಕಣ್ಣು, ಅಂದರೆ ಚಿಗುರು ಹೊರಡುವ ಮೊಳಕೆ, ಕೂರಿಸಿ ಕಸಿ ಮಾಡಿರುತ್ತಾರೆ, ಆ ಜಾಗ ಸ್ವಲ್ಪ ಗಂಟು ಗಂಟಾಗಿ ಕಾಣುತ್ತದೆ. ಆ ಗಂಟಿನ ಮೇಲಿಂದ ಕನಿಷ್ಠ ಎರಡು ಕಡ್ಡಿ, ಪೆನ್ಸಿಲ್ ದಪ್ಪದ್ದು, ಬಂದಿರಬೇಕು. ಒಂದೇ ಕಡ್ಡಿ ಇದ್ದು ಅದರ ತುದಿಯಲ್ಲಿ ದೊಡ್ಡ ಹೂ ಇರುವ ಗಿಡಕ್ಕಿಂತ, ಹೂ ಇಲ್ಲದಿದ್ದರೂ ಮೂರು ಕಡ್ಡಿ ಇರುವ ಗಿಡ ಮೇಲು. ಹೂ ಬಿಟ್ಟ ಅಕ್ಕಪಕ್ಕದ ಗಿಡ ನೋಡಿ ತಳಿ ಖಾತ್ರಿ ಮಾಡಿಕೊಳ್ಳಿ, ತರುವುದು ಮೂರು ಕಡ್ಡಿಯದನ್ನು ತನ್ನಿ.

ಜಾಗ, ಗುಂಡಿ, ಕುಂಡ

ಇದನ್ನು ಮುಂದಿನ ಸಾಲಿನಲ್ಲಿ ಹಾಕಬೇಡಿ. ಐದಾರು ಅಡಿ ಹೋಗುವ ಗಿಡ, ಹಿಂದಿರುವ ಎಲ್ಲವನ್ನೂ ಮರೆ ಮಾಡುತ್ತದೆ, ಜೊತೆಗೆ ಕೆಳಗಿನ ಒಂದೂವರೆ ಅಡಿ ಬೋಳಾಗಿ ಕಾಣುತ್ತದೆ. ಕಾಂಪೌಂಡ್ ಪಕ್ಕ, ಗೋಡೆಯಿಂದ ಎರಡು ಅಡಿ ಬಿಟ್ಟು, ಮುಂದೆ ಬಟನ್ ರೋಸನ್ನೋ ಸೇವಂತಿಗೆಯನ್ನೋ ಹಾಕಿದರೆ ಬುಡದ ಬೋಳು ಮುಚ್ಚುತ್ತದೆ. ಗೋಡೆಗೆ ಅಂಟಿಸಿ ಹಾಕಿದರೆ ಗಾಳಿ ಆಡುವುದಿಲ್ಲ, ಎಲೆಗೆ ಬೂದಿ ರೋಗ ಬರುತ್ತದೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಬೆಳಗಿನ ಬಿಸಿಲಾದರೆ ಇನ್ನೂ ಒಳ್ಳೆಯದು. ಎರಡು ಗಿಡ ಹಾಕುವುದಾದರೆ ನಡುವೆ ಮೂರು ಅಡಿ ಬಿಡಿ.

ನೆಲದಲ್ಲಾದರೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಒಂದು ವಾರ ಬಿಸಿಲಿಗೆ ಬಿಡಿ. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಎರಡು ಹಿಡಿ, ಎಲುಬಿನ ಪುಡಿ ಎರಡು ಹಿಡಿ ಬೆರೆಸಿ ತುಂಬಿ. ಗೊಬ್ಬರ ಕಳಿತಿದೆಯೇ ಅಂತ ಕೈಯಲ್ಲಿ ಹಿಡಿದು ನೋಡಿ: ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು, ಪುಡಿ ಪುಡಿಯಾಗಿ ಉದುರಬೇಕು. ಹಸಿ ಗೊಬ್ಬರ ಹಾಕಿದರೆ ಬೇರು ಸುಡುವುದು ಒಂದು ಕಡೆ, ಜೊತೆಗೆ ಗೊಣ್ಣೆ ಹುಳು ಬಂದು ಸೇರಿಕೊಳ್ಳುತ್ತದೆ. ಬೇರನ್ನು ತಿಂದು ಗಿಡವನ್ನೇ ಮುಗಿಸುವ ಹುಳು ಅದು. ಬೆಳ್ಳಗೆ ದಪ್ಪಗೆ ಬಾಗಿಕೊಂಡು ಮಲಗಿರುತ್ತದೆ, ಗೊಬ್ಬರ ಜರಡಿ ಹಿಡಿಯುವಾಗ ಕಂಡರೆ ಆಗಲೇ ಹೆಕ್ಕಿ ತೆಗೆಯಿರಿ.

ಕುಂಡದಲ್ಲಿ ಬರುತ್ತದಾ ಅಂತ ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟ್‌ನವರು ಕೇಳುತ್ತಾರೆ. ಬರುತ್ತದೆ, ಆದರೆ ಹದಿನಾಲ್ಕು ಇಂಚಿಗಿಂತ ಸಣ್ಣ ಕುಂಡ ಬೇಡ, ಹದಿನಾರು ಇದ್ದರೆ ಒಳ್ಳೆಯದು. ಕೆಂಪು ಮಣ್ಣು ಎರಡು ಪಾಲು, ಗೊಬ್ಬರ ಒಂದೂವರೆ ಪಾಲು, ಮರಳು ಅರ್ಧ ಪಾಲು, ಒಂದು ಹಿಡಿ ಬೇವಿನ ಹಿಂಡಿ. ಮಣ್ಣು ತೀರಾ ಅಂಟಾದರೆ ಕೋಕೋಪೀಟ್ ಒಂದಷ್ಟು ಸೇರಿಸಿ, ಜಾಸ್ತಿ ಬೇಡ, ಮಳೆಗಾಲದಲ್ಲಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಯುತ್ತದೆ. ಟೆರೇಸ್‌ನಲ್ಲಿ ಗಾಳಿ ಜೋರಾಗಿದ್ದರೆ ಒಂದು ಬಿದಿರು ಕೋಲು ನೆಟ್ಟು ಕಟ್ಟಲೇಬೇಕು. ಎತ್ತರದ ಕಡ್ಡಿಯ ತುದಿಯಲ್ಲಿ ತೂಕದ ಹೂ ಇರುತ್ತದೆ ಅಲ್ವಾ, ಗಾಳಿಗೆ ಬುಡ ಅಲ್ಲಾಡಿದರೆ ಹೊಸ ಬೇರು ಹಿಡಿಯುವುದಿಲ್ಲ.

ನೆಡುವಾಗ ಕಸಿ ಗಂಟು ಮಣ್ಣಿನಿಂದ ಒಂದೆರಡು ಇಂಚು ಮೇಲೆ ಇರಲಿ. ಹೊರದೇಶದ ವಿಡಿಯೋಗಳಲ್ಲಿ ಅದನ್ನು ಮಣ್ಣಿನೊಳಗೆ ಹೂಳುವುದನ್ನು ತೋರಿಸುತ್ತಾರೆ. ಅಲ್ಲಿ ಹಿಮದಿಂದ ಗಂಟನ್ನು ಕಾಪಾಡಬೇಕು, ನಮಗೆ ಆ ತೊಂದರೆ ಇಲ್ಲ. ಇಲ್ಲಿ ಹೂತರೆ ಗಂಟು ಕೊಳೆಯುತ್ತದೆ, ಜೊತೆಗೆ ಕೆಳಗಿನ ಕಾಡು ಗಿಡದ ಚಿಗುರು ಬಂದರೂ ಗೊತ್ತಾಗುವುದಿಲ್ಲ.

ಈ ಕಾಡು ಚಿಗುರಿನ ಬಗ್ಗೆ ಎರಡು ಮಾತು. ಒಂದು ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು, ಐದು ಎಲೆ ಇದ್ದರೆ ಒಳ್ಳೆಯದು ಅಂತ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದನ್ನು ನಂಬಿ ಎಷ್ಟೋ ಜನ ಒಳ್ಳೆ ಚಿಗುರನ್ನೇ ಕಿತ್ತಿದ್ದಾರೆ. ಹೈಬ್ರಿಡ್ ಟೀ ಗಿಡದಲ್ಲೂ ಗಟ್ಟಿ ಚಿಗುರಿನಲ್ಲಿ ಏಳು ಎಲೆ ಬರುತ್ತದೆ. ಎಲೆ ಎಣಿಸಬೇಡಿ, ಬುಡದ ಮಣ್ಣು ಸರಿಸಿ ಚಿಗುರು ಎಲ್ಲಿಂದ ಹೊರಟಿದೆ ನೋಡಿ. ಗಂಟಿನ ಮೇಲಿಂದ ಬಂದಿದ್ದರೆ ಅದು ಚಿನ್ನ, ಮುಂದಿನ ನಾಲ್ಕು ವರ್ಷ ಹೂ ಕೊಡುವ ಕಡ್ಡಿ ಅದೇ. ಗಂಟಿನ ಕೆಳಗಿನಿಂದ ಬಂದಿದ್ದರೆ ಕತ್ತರಿಯಿಂದ ಕತ್ತರಿಸದೆ ಕೆಳಗೆ ಎಳೆದು ಬುಡ ಸಮೇತ ಕೀಳಿ. ಕತ್ತರಿಸಿದರೆ ಉಳಿದ ಬುಡದಿಂದ ಮತ್ತೆ ನಾಲ್ಕು ಬರುತ್ತದೆ. ಕಿತ್ತದ್ದನ್ನು ಬಿಸಾಡಬೇಡಿ, ಅದಕ್ಕೊಂದು ಕೆಲಸ ಇದೆ, ಕೊನೆಗೆ ಹೇಳುತ್ತೇನೆ.

ನೀರು, ಗೊಬ್ಬರ

ನೀರು ಬೆಳಿಗ್ಗೆ, ಬುಡಕ್ಕೆ. ಎಲೆ ಮೇಲೆ ಸಂಜೆ ನೀರು ಚಿಮುಕಿಸುವ ಅಭ್ಯಾಸ ಇದ್ದರೆ ಬಿಡಿ, ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ಕಪ್ಪು ಚುಕ್ಕೆ ರೋಗಕ್ಕೆ ಕರೆದು ಚಾಪೆ ಹಾಸಿದ ಹಾಗೆ. ನೆಲದ ಗಿಡಕ್ಕೆ ದಿನಾ ಚೂರು ಚೂರು ಹಾಕುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಒಂದು ಬಕೆಟ್ ಹಾಕಿದರೆ ಬೇರು ಆಳಕ್ಕೆ ಹೋಗುತ್ತದೆ. ಕುಂಡಕ್ಕೆ ಬೇಸಿಗೆಯಲ್ಲಿ ದಿನಾ ಬೇಕು. ಬುಡದ ಸುತ್ತ ಒಣ ಎಲೆ ಎರಡು ಇಂಚು ಹಾಸಿ, ಕಡ್ಡಿಗೆ ತಾಗದ ಹಾಗೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಹೊಸ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ರೋಗ ಅಲ್ಲ, ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಅಂತ ಅರ್ಥ. ಗುಲಾಬಿಗೆ ಸ್ವಲ್ಪ ಹುಳಿ ಗುಣದ ಮಣ್ಣು ಇಷ್ಟ, ಪಿಎಚ್ 6ರಿಂದ 6.5 ಸರಿ. ಕಾಂಪೋಸ್ಟ್ ಜಾಸ್ತಿ ಕೊಡಿ, ಚೀಲೇಟೆಡ್ ಐರನ್ ಅಂತ ಕೇಳಿ ತಂದು ಪ್ಯಾಕೆಟ್ ಮೇಲಿನ ಅಳತೆಯಲ್ಲಿ ಸಿಂಪಡಿಸಿ, ಆಗಾಗ ಮಳೆ ನೀರು ಹಿಡಿದು ಹಾಕಿ.

ಗೊಬ್ಬರದಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಕಡಲೆಕಾಯಿ ಹಿಂಡಿ ನೀರಿನ ಮೇಲೆ. ನೂರು ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ನಾಲ್ಕು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಗಿಡಕ್ಕೆ ಒಂದು ಲೀಟರ್. ವಾಸನೆ ಎರಡು ದಿನ ಇರುತ್ತದೆ, ಮನೆಯವರಿಗೆ ಮೊದಲೇ ಹೇಳಿಬಿಡಿ. ಇದರ ಜೊತೆಗೆ 19:19:19 ಅನ್ನುವ, ನೀರಿನಲ್ಲಿ ಕರಗುವ ಗೊಬ್ಬರ ಎರಡು ಗ್ರಾಂ ಲೀಟರ್‌ಗೆ ಹಾಕಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಮೊಗ್ಗು ಬಟಾಣಿ ಗಾತ್ರ ಆದ ಮೇಲೆ ಸಾರಜನಕ ಜಾಸ್ತಿ ಇರುವ ಯಾವುದನ್ನೂ ಕೊಡಬೇಡಿ, ಕತ್ತು ಮೆತ್ತಗಾಗಿ ಹೂ ಬಾಗುತ್ತದೆ.

ಸವರುವುದು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಗಿಡ ಉಳಿಯುವುದೂ ಹಾಳಾಗುವುದೂ ಇಲ್ಲೇ.

ನಮ್ಮ ಮೈಸೂರು, ಬೆಂಗಳೂರು ಕಡೆ ಮುಂಗಾರು ಮುಗಿದರೂ ಅಕ್ಟೋಬರ್‌ನಲ್ಲಿ ಮತ್ತೆ ಜೋರು ಮಳೆ ಇರುತ್ತದೆ. ಮಳೆಯಲ್ಲಿ ಕತ್ತರಿಸಿದ ಬಾಯಿಗೆ ನೀರು ನಿಂತು ಕಡ್ಡಿ ಕೊಳೆಯುತ್ತದೆ. ಹಾಗಾಗಿ ದೊಡ್ಡ ಸವರುವಿಕೆ ದೀಪಾವಳಿ ಕಳೆದು ಮಳೆ ನಿಂತ ಮೇಲೆ, ನವೆಂಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದೊಳಗೆ. ಜೂನ್‌ನಲ್ಲಿ ಬೇಸಿಗೆಯಲ್ಲಿ ಬಳಲಿದ ತುದಿಗಳನ್ನು ಮಾತ್ರ ಹಗುರವಾಗಿ ತೆಗೆಯಬಹುದು, ಅದೂ ಮಳೆ ಬಿಡುವು ಕೊಟ್ಟ ದಿನ ನೋಡಿಕೊಂಡು.

ಮೊದಲು ಸತ್ತ ಕಡ್ಡಿ. ಕಪ್ಪಾದ ತುದಿಯಿಂದ ಕೆಳಗೆ ಬರುತ್ತಾ ಕತ್ತರಿಸಿ, ಕತ್ತರಿಸಿದ ಬಾಯಿಯ ತಿರುಳು ನೋಡಿ. ಕಂದು ಇದ್ದರೆ ಇನ್ನೂ ಕೆಳಗೆ ಹೋಗಿ. ತೆಂಗಿನ ಕಾಯಿಯ ಹೋಳಿನ ಹಾಗೆ ಬೆಳ್ಳಗೆ ಕಂಡ ಕಡೆ ನಿಲ್ಲಿಸಿ. ಆಮೇಲೆ ಒಂದಕ್ಕೊಂದು ಉಜ್ಜುವ ಕಡ್ಡಿಗಳಲ್ಲಿ ಬಡಕಲಾದದ್ದು. ಆಮೇಲೆ ಪೆನ್ಸಿಲ್‌ಗಿಂತ ಸಣ್ಣ ಇರುವ ಒಳಗಿನ ಕಡ್ಡಿಗಳು, ಅವು ಎಲೆ ಕೊಡುತ್ತವೆ, ಒಳ್ಳೆ ಹೂ ಕೊಡುವುದಿಲ್ಲ. ಇಷ್ಟಾದ ಮೇಲೆ ಉಳಿದ ದಪ್ಪ ಕಡ್ಡಿಗಳ ಮೇಲಿನ ಮೂರನೇ ಒಂದು ಭಾಗ ಮಾತ್ರ ತೆಗೆಯಿರಿ. ಆರು ಅಡಿ ಗಿಡ ನಾಲ್ಕು ಅಡಿಯಲ್ಲಿ ನಿಲ್ಲಬೇಕು. ಮೊಣಕಾಲಿಗೆ ಇಳಿಯಬಾರದು. ಹೊರಗೆ ಮುಖ ಮಾಡಿದ ಕಣ್ಣಿನ ಕಾಲಿಂಚು ಮೇಲೆ, ಸ್ವಲ್ಪ ಓರೆಯಾಗಿ ಕತ್ತರಿಸಿ. ಐಫೆಲ್ ಟವರ್ ನೇರ ಮೇಲಕ್ಕೆ ಹೋಗುವ ಗಿಡ ಆದ್ದರಿಂದ ಒಳಮುಖದ ಕಣ್ಣಿಗೆ ಕತ್ತರಿಸಿದರೆ ಎಲ್ಲ ಕಡ್ಡಿಯೂ ನಡುವೆ ಪೊರಕೆಯ ಹಾಗೆ ಗುಂಪಾಗುತ್ತದೆ. ಕತ್ತರಿ ಹರಿತ ಇರಲಿ, ಪ್ರತಿ ಗಿಡಕ್ಕೂ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ. ದಪ್ಪ ಕಡ್ಡಿಯ ಬಾಯಿಗೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಪುಡಿಯನ್ನು ನೀರಿನಲ್ಲಿ ಪೇಸ್ಟ್ ಮಾಡಿ ಹಚ್ಚಿ.

ಸವರಿದ ದಿನದಿಂದ ಹೂವಿಗೆ ನಮ್ಮ ಚಳಿಗಾಲದಲ್ಲಿ ಸುಮಾರು 45ರಿಂದ 50 ದಿನ. ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ಮನೆಯಲ್ಲೂ ಹೂ ಇರಲಿ ಅಂದರೆ ಡಿಸೆಂಬರ್ 5ರ ಆಸುಪಾಸು ಕತ್ತರಿ ಹಿಡಿಯಿರಿ. ಮನೆಯಲ್ಲಿ ಮದುವೆ, ನಾಮಕರಣ ಇದ್ದರೂ ಹೀಗೇ ಹಿಂದಕ್ಕೆ ಎಣಿಸಿ ನಾನು ಸವರುತ್ತೇನೆ.

ಚಿಗುರು ಬಂದ ಮೇಲೆ ಕೆಲವು ಮೊಗ್ಗು ಕಟ್ಟದೆ ಮೂರು ನಾಲ್ಕು ಎಲೆಗೇ ನಿಂತುಬಿಡುತ್ತವೆ. ಅವನ್ನು ಕುರುಡು ಚಿಗುರು ಅನ್ನುತ್ತೇವೆ. ತುದಿಯ ಒಂದು ಎಲೆ ಚಿವುಟಿ, ಕೆಳಗಿನ ಕಣ್ಣು ಎದ್ದು ಹೂ ತರುತ್ತದೆ. ಮುಖ್ಯ ಮೊಗ್ಗಿನ ಪಕ್ಕದಲ್ಲಿ ಸಣ್ಣ ಮೊಗ್ಗು ಬಂದರೆ ಅಕ್ಕಿ ಕಾಳಿನಷ್ಟು ಇರುವಾಗಲೇ ಉಗುರಿನಿಂದ ತೆಗೆಯಿರಿ. ಕನಿಕರ ಪಟ್ಟು ಬಿಟ್ಟರೆ ಎರಡೂ ಸಣ್ಣದಾಗುತ್ತವೆ.

ಹುಳ, ರೋಗ

ಪರಿಮಳದ ಪಿಂಕ್ ಗುಲಾಬಿಯ ದೊಡ್ಡ ಶತ್ರು ಥ್ರಿಪ್ಸ್ ಅನ್ನುವ ಸಣ್ಣ ಹುಳ. ಫೆಬ್ರವರಿ ಕೊನೆಯಿಂದ ಮೇ ತನಕ ಕಾಟ ಜಾಸ್ತಿ. ಮೊಗ್ಗು ಬಿಚ್ಚದೆ ನಿಲ್ಲುತ್ತದೆ, ಎಸಳಿನ ಅಂಚು ಇಸ್ತ್ರಿ ಪೆಟ್ಟಿಗೆ ತಾಗಿದ ಹಾಗೆ ಕಂದಾಗುತ್ತದೆ. ಬಿಸಿಲಿಗೆ ಸುಟ್ಟಿದೆ ಅಂತ ತುಂಬಾ ಜನ ತಿಳಿಯುತ್ತಾರೆ. ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಹೂವನ್ನು ಎರಡು ಸಲ ತಟ್ಟಿ, ಒಂದು ನಿಮಿಷ ಸುಮ್ನೆ ನೋಡುತ್ತಾ ಇರಿ. ಕಸ ಅಂದುಕೊಂಡ ಸಣ್ಣ ಗೆರೆಗಳು, ಜೀರಿಗೆಯ ಕಾಲು ಭಾಗದಷ್ಟು, ಹರಿದಾಡಲು ಶುರು ಮಾಡುತ್ತವೆ. ಅವೇ. ಕಂದಾದ ಹೂಗಳನ್ನೆಲ್ಲಾ ಕಿತ್ತು ಕವರಿನಲ್ಲಿ ಕಟ್ಟಿ ಹೊರಗೆ ಹಾಕಿ, ಗಿಡದ ಬುಡದಲ್ಲಿ ಬಿಡಬೇಡಿ. ಬೇವಿನ ಎಣ್ಣೆ ಲೀಟರ್‌ಗೆ ಐದು ಎಂಎಲ್, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಲಕಿ, ಸಂಜೆ ಐದು ದಿನಕ್ಕೊಮ್ಮೆ ಮೊಗ್ಗಿಗೇ ಸಿಂಪಡಿಸಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಸಿಕ್ಕರೆ ಅದನ್ನೂ ಬಳಸಬಹುದು. ಮೊಗ್ಗಿನ ಒಳಗೆ ಹೊಕ್ಕ ಮೇಲೆ ಯಾವ ಔಷಧಿಯೂ ಸರಿಯಾಗಿ ಮುಟ್ಟುವುದಿಲ್ಲ, ಮೊಗ್ಗು ಹಸಿರಾಗಿರುವಾಗಲೇ ಶುರು ಮಾಡಬೇಕು. ಏಪ್ರಿಲ್, ಮೇಯಲ್ಲಿ ನಾನು ಮೊಗ್ಗುಗಳನ್ನೇ ಚಿವುಟಿ ಹಾಕಿ ಗಿಡಕ್ಕೆ ವಿಶ್ರಾಂತಿ ಕೊಡುತ್ತೇನೆ. ಹೇಗೂ ಆ ಬಿಸಿಲಿನಲ್ಲಿ ಹೂ ಚಿಕ್ಕದು, ಬೆಳಿಗ್ಗೆ ಬಿರಿದದ್ದು ಮಧ್ಯಾಹ್ನಕ್ಕೆ ಬಿಳುಚಿ ಹೋಗುತ್ತದೆ.

ಮಳೆಗಾಲದಲ್ಲಿ ಕಪ್ಪು ಚುಕ್ಕೆ. ಎಲೆ ಮೇಲೆ ಅಂಚು ಒಡೆದ ಕಪ್ಪು ಮಚ್ಚೆ ಬಂದು ಸುತ್ತ ಹಳದಿಯಾಗಿ ಉದುರುತ್ತದೆ. ಉದುರಿದ ಎಲೆ ಗುಡಿಸಿ ತೆಗೆಯುವುದೇ ಅರ್ಧ ಔಷಧಿ. ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಲೀಟರ್‌ಗೆ ಎರಡು ಗ್ರಾಂ, ಮಳೆ ಬಿಟ್ಟ ದಿನ, ಎಲೆಯ ಕೆಳಗೂ ತಾಗುವ ಹಾಗೆ. ಚಳಿಗಾಲದ ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ ಎರಡು ಗ್ರಾಂ, ಬಿಸಿಲು ಏರುವ ಮೊದಲು. ಗಂಧಕವನ್ನೂ ಬೇವಿನ ಎಣ್ಣೆಯನ್ನೂ ಒಟ್ಟಿಗೆ ಅಥವಾ ಹಿಂದೆ ಮುಂದೆ ಹೊಡೆಯಬೇಡಿ, ಎರಡು ವಾರ ಅಂತರ ಇರಲಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಎಲೆಯ ಅಂಚನ್ನು ಬಳೆ ಚೂರಿನ ಆಕಾರಕ್ಕೆ ನೀಟಾಗಿ ಯಾರೋ ಕತ್ತರಿಸಿದ ಹಾಗಿದ್ದರೆ ಹೆದರಬೇಡಿ. ಎಲೆ ಕತ್ತರಿಸುವ ಜೇನು ಗೂಡಿಗೆ ಒಯ್ದಿದೆ, ಅಷ್ಟೇ. ಅದಕ್ಕೆ ಔಷಧಿ ಹೊಡೆಯುವುದು ಪಾಪ.

ಘಮ, ಕೊಯ್ಲು

ಘಮ ಜಾಸ್ತಿ ಬರಲು ಯಾವ ಗೊಬ್ಬರ ಹಾಕಲಿ ಅಂತ ಕೇಳುತ್ತಾರೆ. ಅಂಥ ಗೊಬ್ಬರ ಇಲ್ಲ. ಘಮ ತಳಿಯಲ್ಲೇ ಇರಬೇಕು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಒಳ್ಳೆ ಘಮದ ಪಾಪಾ ಮೇಯ್ಲಾಂ ಅನ್ನುವ ಗುಲಾಬಿಯನ್ನೂ ಘಮ ಕಡಿಮೆ ಇರುವ ರೂಜ್ ಮೇಯ್ಲಾಂ ಅನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ಪರಿಮಳದ ಒಂದು ಮುಖ್ಯ ಅಂಶ ತಯಾರಾಗಲು ಬೇಕಾದ ಜೀನ್ ಯಾವುದು ಅಂತ ಹಿಡಿದರು. ಜೀನ್ ಇರುವ ಗಿಡಕ್ಕೆ ನಾವು ಮಾಡಬಹುದಾದದ್ದು ಇಷ್ಟು: ಎಲೆ ಉಳಿಸಿಕೊಡುವುದು, ನೀರು ತಪ್ಪಿಸದಿರುವುದು, ಸರಿಯಾದ ಹೊತ್ತಿಗೆ ಹೂವಿನ ಹತ್ತಿರ ಹೋಗುವುದು. ಪರಿಮಳ ಅಂದರೆ ಎಸಳಿನಿಂದ ಆರಿ ಹೋಗುವ ಎಣ್ಣೆ. ಮುಂಜಾನೆ ಆರರ ಚಳಿಗೆ ಅದು ಹೊರಗೆ ಬರುವುದಿಲ್ಲ, ಮಧ್ಯಾಹ್ನ ಹನ್ನೆರಡಕ್ಕೆ ಉಳಿದಿರುವುದಿಲ್ಲ. ಜನವರಿಯ ಒಂದು ದಿನ ಏಳೂವರೆಗೆ ಹೋಗಿ ನಿಲ್ಲಿ. ಮೊಗ್ಗಿನ ಹೊರಗಿನ ಎರಡು ಎಸಳು ಹಿಂದಕ್ಕೆ ಮಡಚಿ, ಒಳಗಿನವು ಇನ್ನೂ ಸುರುಳಿಯಾಗಿ ಇರುತ್ತವೆ, ಸುರುಳಿಯ ಸಂದಿಯಲ್ಲಿ ಒಂದು ಹನಿ ಇಬ್ಬನಿ ಇರುತ್ತದೆ. ಎಂಟಕ್ಕೆ ಬಿಸಿಲು ಆ ಹನಿಯನ್ನು ಒಣಗಿಸುತ್ತದೆ. ಎಂಟೂಕಾಲಿಗೆ ಘಮ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ, ಬಗ್ಗಬೇಕಾಗಿಲ್ಲ.

ಹೂದಾನಿಗೆ ಕೊಯ್ಯುವುದಾದರೆ ಅದಕ್ಕೂ ಮೊದಲು, ಆರೂವರೆ ಏಳಕ್ಕೆ. ಮೊಗ್ಗಿನ ಕೆಳಗಿನ ಹಸಿರು ಎಸಳುಗಳು ಕೆಳಗೆ ಬಾಗಿ, ಹೊರಗಿನ ಒಂದು ಎಸಳು ಸಡಿಲ ಆಗಿರಬೇಕು. ಅದಕ್ಕಿಂತ ಬೇಗ ಕೊಯ್ದರೆ ಬಿಚ್ಚದೆ ಕತ್ತು ಬಾಗಿಸುತ್ತದೆ, ತಡ ಮಾಡಿದರೆ ಎರಡೇ ದಿನ. ಬಕೆಟ್ ನೀರನ್ನು ಗಿಡದ ಹತ್ತಿರವೇ ತೆಗೆದುಕೊಂಡು ಹೋಗಿ, ಕೊಯ್ದ ಕೂಡಲೇ ಮುಳುಗಿಸಿ. ಎಷ್ಟು ಉದ್ದದ ಕಡ್ಡಿ ಕೊಯ್ದರೂ ಗಿಡದಲ್ಲಿ ಆ ಕಡ್ಡಿಯ ಮೇಲೆ ಒಂದೊಂದರಲ್ಲೂ ಐದು ಎಲೆ ಇರುವ ಎರಡು ತೊಟ್ಟಾದರೂ ಉಳಿಯಬೇಕು, ಮುಂದಿನ ಹೂ ಆ ತೊಟ್ಟಿನ ಸಂದಿಯಿಂದಲೇ ಬರುತ್ತದೆ. ಡಚ್ ರೋಸಿನಷ್ಟು ದಿನ ಇದು ನಿಲ್ಲುವುದಿಲ್ಲ. ಮೂರು ನಾಲ್ಕು ದಿನ, ಆದರೆ ಆ ಮೂರು ದಿನ ಬಾಗಿಲು ತೆಗೆದವರಿಗೆ ಒಳಗೆ ಗುಲಾಬಿ ಇದೆ ಅಂತ ಗೊತ್ತಾಗುತ್ತದೆ.

ಊರಿನ ಪ್ರಕಾರ ಸ್ವಲ್ಪ ಬದಲಾವಣೆ ಇದೆ. ಕೊಡಗು, ಚಿಕ್ಕಮಗಳೂರಿನ ತಂಪಿಗೆ ಹೂವಿನ ಗಾತ್ರ ನಮ್ಮಲ್ಲಿಗಿಂತ ದೊಡ್ಡದು, ಆದರೆ ಜೂನ್‌ನಿಂದ ಸೆಪ್ಟೆಂಬರ್ ಎಲೆ ಉಳಿಸಿಕೊಳ್ಳುವುದೇ ಕಷ್ಟ, ಕುಂಡದಲ್ಲಿ ಹಾಕಿ ಸೂರಿನ ಅಂಚಿಗೆ ಎಳೆದುಕೊಳ್ಳಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಮಾರ್ಚ್‌ನಿಂದ ಮಧ್ಯಾಹ್ನದ ನೆರಳು ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಇರುವ ನಮ್ಮವರಿಗೆ ಇದು ಅಲ್ಲಿಯದೇ ಹೂ, ಅವರು ಸವರುವುದು ಜನವರಿಯಲ್ಲಿ.

ಇನ್ನು ಆ ಕಾಡು ಚಿಗುರು. ಐಫೆಲ್ ಟವರ್ ಕಡ್ಡಿಯನ್ನೇ ಮಣ್ಣಿಗೆ ನೆಟ್ಟರೆ ಕೆಲವೊಮ್ಮೆ ಬೇರು ಬರುತ್ತದೆ, ಆದರೆ ಸ್ವಂತ ಬೇರಿನ ಮೇಲೆ ಗಿಡ ಬಡವಾಗಿಯೇ ಉಳಿಯುತ್ತದೆ. ಕಿತ್ತ ಕಾಡು ಚಿಗುರನ್ನು ಎಂಟೆಂಟು ಇಂಚಿಗೆ ಕತ್ತರಿಸಿ ಕವರಿನಲ್ಲಿ ನೆಡಿ, ನೆರಳಿನಲ್ಲಿಡಿ, ಮೂರು ನಾಲ್ಕು ತಿಂಗಳಿಗೆ ಕಸಿಗೆ ತಯಾರಾಗುತ್ತದೆ. ಕಸಿ ಮಾಡಲು ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಆಗಷ್ಟೇ ಹೂ ಮುಗಿದ ಐಫೆಲ್ ಟವರ್ ಕಡ್ಡಿ ತೆಗೆದುಕೊಳ್ಳಿ, ಅದರ ಮುಳ್ಳನ್ನು ಪಕ್ಕಕ್ಕೆ ಒತ್ತಿದರೆ ಟಕ್ ಅಂತ ಮುರಿಯಬೇಕು, ಆಗ ಹದ ಸರಿ. ಎಲೆ ಕತ್ತರಿಸಿ ಅರ್ಧ ಇಂಚು ತೊಟ್ಟು ಉಳಿಸಿ, ಕಣ್ಣನ್ನು ತೊಗಟೆ ಸಮೇತ ಒಂದು ಇಂಚು ಉದ್ದಕ್ಕೆ ಕೆತ್ತಿ. ಕಾಡು ಗಿಡದ ಬುಡದ ಹತ್ತಿರ ತೊಗಟೆಯಲ್ಲಿ ಮಾತ್ರ ಇಂಗ್ಲಿಷ್ ಟೀ ಅಕ್ಷರದ ಆಕಾರಕ್ಕೆ ಗೀರಿ, ತೊಗಟೆ ಬಿಡಿಸಿ, ಕಣ್ಣನ್ನು ಮೇಲಿಂದ ಒಳಗೆ ಜಾರಿಸಿ. ಕಣ್ಣು ಹೊರಗೆ ಕಾಣುವ ಹಾಗೆ ಬಿಟ್ಟು, ಕಸಿ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಒಳಗೆ ನೀರು ಹೋಗಬಾರದು. ಮೂರು ವಾರ ಬಿಟ್ಟು ಆ ಅರ್ಧ ಇಂಚು ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಹಳದಿಯಾಗಿ, ಮುಟ್ಟಿದ ಕೂಡಲೇ ಉದುರಿದರೆ ಕಸಿ ಹಿಡಿದಿದೆ. ಒಣಗಿ ಕಪ್ಪಾಗಿ ಅಂಟಿಕೊಂಡೇ ಇದ್ದರೆ ಹಿಡಿದಿಲ್ಲ, ಗಿಡವನ್ನು ತಿರುಗಿಸಿ ಇನ್ನೊಂದು ಬದಿಯಲ್ಲಿ ಮತ್ತೊಂದು ಕಣ್ಣು ಹಾಕಿ.